ಎದುರುಬದುರು ಐಸ್ ಪ್ಲಾಂಟು

ಬಂದರಿನವರೆಲ್ಲ ಅವಳನ್ನು ಐಸಕ್ಕ ಎಂದೇ ಕರೆಯುತ್ತಿದ್ದರು. ಗಂಡ ತೀರಿಕೊಂಡಾಗ ಪ್ಲಾಂಟು ಮಾರಿಬಿಡು ಎಂದು ನೆಂಟರು ದುಂಬಾಲು ಬಿದ್ದರೂ ಕಿವಿಗೆ ಹಾಕಿಕೊಳ್ಳದೆ ನಡೆಸಿಕೊಂಡು ಬಂದವಳು. ಕಂಪ್ರೆಸರಿನ ಸದ್ದು ಒಂಚೂರು ಬದಲಾದರೆ ಸಾಕು, ಊಟದ ತಟ್ಟೆ ಬಿಟ್ಟು ಓಡುವಳು. ತಗಡಿನ ಡಬ್ಬದಿಂದ ಜಾರಿ ಬಂದ ಐಸ್ ಗಡ್ಡೆ ನಡುವೆ ಟೊಳ್ಳಾಗಿ ಕಂಡರೆ ಕೆಲಸದವರ ಗ್ರಹಚಾರ ಬಿಡಿಸುವಳು.

ರಸ್ತೆಯ ಆಚೆ ಬದಿ ಮೀಸೆಯವನ ಪ್ಲಾಂಟು. ಮೀಸೆ ಬೋಳಿಸಿ ಎಷ್ಟೋ ಕಾಲವಾಗಿತ್ತು, ಹೆಸರು ಮಾತ್ರ ಅಂಟಿಕೊಂಡಿತ್ತು. ಅವನೂ ಇವಳ ಗಂಡನೂ ಒಂದೇ ವರ್ಕ್‌ಶಾಪಿನಲ್ಲಿ ಕೆಲಸ ಕಲಿತವರು. ಗಂಡ ಸತ್ತ ದಿನ ಇವಳ ಪ್ಲಾಂಟು ಕೆಟ್ಟು ನಿಂತಿತ್ತು. ಹೆಣ ಇಡಲು ಐಸ್ ಹೊತ್ತು ತಂದವನು ಮೀಸೆಯವನೇ.

ಆದರೆ ವ್ಯಾಪಾರಕ್ಕೆ ಆ ನೆನಪೆಲ್ಲ ಯಾಕೆ ಬೇಕು? ಇಬ್ಬರದ್ದೂ ಅದೇ ನೀರು, ಅದೇ ಐಸ್. ಬೋಟಿನವರು ನೋಡುವುದು ದರವೊಂದನ್ನೇ. ಅವನು ಇಳಿಸಿದರೆ ಬೋಟುಗಳೆಲ್ಲ ಅತ್ತ, ಇವಳು ಇಳಿಸಿದರೆ ಇತ್ತ. ಹೀಗೆ ಇಳಿಸುತ್ತ ಇಳಿಸುತ್ತ ಕರೆಂಟಿನ ಖರ್ಚೂ ಗಿಟ್ಟದ ಮಟ್ಟಕ್ಕೆ ಬಂದು ಕೂತಿದ್ದರು.

ಅರ್ಥಶಾಸ್ತ್ರ ಓದುತ್ತಿದ್ದ, ಐಸಕ್ಕನ ತಂಗಿಯ ಮಗಳು ರಜೆಗೆ ಬಂದವಳು ಈ ಹಗ್ಗಜಗ್ಗಾಟ ನೋಡಿ ನಕ್ಕಳು.

"ದೊಡ್ಡಮ್ಮ, ಇದಕ್ಕೆ ನಮ್ಮ ಪುಸ್ತಕದಲ್ಲಿ ಒಂದು ಪಾಠಾನೇ ಇದೆ. ಆಟದ ಸಿದ್ಧಾಂತ ಅಂತ."

"ನಮ್ಮ ಹೊಟ್ಟೆಪಾಡು ನಿಮಗೆ ಆಟಾನೇನೆ?"

"ಕೇಳು ಇಲ್ಲಿ. ಅವರು ದರ ಇಳಿಸಲಿಲ್ಲ ಅಂದ್ಕೋ. ಆಗ ನೀನು ಇಳಿಸಿದ್ರೆ ಬೋಟೆಲ್ಲ ನಿಂದೇ. ಅವರು ಇಳಿಸಿದ್ರು ಅಂದ್ಕೋ. ಆಗಲೂ ನೀನು ಇಳಿಸಲೇಬೇಕು, ಇಲ್ಲಾಂದ್ರೆ ಒಬ್ಬರೂ ಬರಲ್ಲ. ಅವರು ಏನೇ ಮಾಡಲಿ, ನಿನಗೆ ಇಳಿಸೋದೇ ಸರಿ ಅನ್ನಿಸುತ್ತೆ. ಅವರಿಗೂ ಹಾಗೇ. ಇಬ್ಬರ ಲೆಕ್ಕಾನೂ ಸರಿ, ಇಬ್ಬರೂ ಮುಳುಗ್ತೀರಿ."

ಐಸಕ್ಕ ಹತ್ತಿರ ಸರಿದು ಕೂತಳು. "ತಪ್ಪಿಸಿಕೊಳ್ಳೋದು ಹೇಗೆ?"

"ಒಂದೇ ದಿನದ ಆಟ ಆಗಿದ್ರೆ ದಾರಿ ಇರಲಿಲ್ಲ. ನೀವು ದಿನಾ ಎದುರುಬದುರು ಇರೋರು. ಇವತ್ತು ಮೋಸ ಮಾಡಿದ್ರೆ ನಾಳೆ ಅನುಭವಿಸಬೇಕು ಅನ್ನೋ ಹೆದರಿಕೆ ಇಬ್ಬರಿಗೂ ಇದ್ರೆ ಹೊಂದಾಣಿಕೆ ನಿಲ್ಲುತ್ತೆ. ಆದ್ರೆ ಆ ಕಡೆಯವರು ನಿಜವಾಗಿ ಏನು ಮಾಡಿದ್ರು ಅಂತ ಗೊತ್ತಾಗ್ತಿರಬೇಕು. ತಪ್ಪು ತಿಳ್ಕೊಂಡ್ರೆ ಕೆಟ್ಟಿತು."

ಮರುದಿನ ಐಸಕ್ಕ ರಸ್ತೆ ದಾಟಿದಳು. ಮೀಸೆಯವನೂ ಇಂಥದೊಂದು ಮಾತಿಗೆ ಕಾದು ಕೂತವನ ಹಾಗೆ ಒಪ್ಪಿಕೊಂಡ. ದರ ಮೇಲೇರಿತು. ಬೋಟಿನವರು ಗೊಣಗಿದರು, ಆದರೆ ಐಸಿಲ್ಲದೆ ಮೀನು ಉಳಿಯುತ್ತದೆಯೇ? ಆ ವರ್ಷ ಅವಳು ತುಕ್ಕು ಹಿಡಿದ ಕೊಳವೆಗಳನ್ನೆಲ್ಲ ಬದಲಾಯಿಸಿದಳು, ನೆಮ್ಮದಿಯಾಗಿ ನಿದ್ದೆ ಮಾಡಿದಳು.

ಬೇಸಿಗೆಯ ಒಂದು ಮಧ್ಯಾಹ್ನ ನೀಲಿ ಬೋಟಿನ ಯಜಮಾನ ಬಂದು ಕಟ್ಟೆಯ ಮೇಲೆ ಕೂತ. "ಅಲ್ಲಿ ಅಗ್ಗಕ್ಕೆ ಸಿಗ್ತಿದೆ ಐಸಕ್ಕ. ನಿಮಗೆ ಗೊತ್ತೇ ಇಲ್ವಾ?"

ಅವಳು ತಲೆಯೆತ್ತಿ ನೋಡಿದಳು. ಯಾವಾಗಲೂ ತನ್ನಲ್ಲಿಗೇ ಬರುತ್ತಿದ್ದ ಮುದುಕನೊಬ್ಬ ಮೀಸೆಯವನ ಬಾಗಿಲಲ್ಲಿ ಬುಟ್ಟಿ ತುಂಬಿಸಿಕೊಳ್ಳುತ್ತಿದ್ದ. ಹೋಗಿ ಕೇಳಬಹುದಿತ್ತು. ಕೇಳಿದರೆ ಹೌದು ಅನ್ನುತ್ತಾನೆಯೇ? ಸಂಜೆಯೊಳಗೆ ದರ ಇಳಿಸಿಬಿಟ್ಟಳು.

ಕತ್ತಲಾಗುವ ಮುಂಚೆ ಮೀಸೆಯವನು ಬಂದು ನಿಂತ. ಕೂರಲಿಲ್ಲ.

"ನೀಲಿ ಬೋಟಿನವನ ಮಾತು ಕೇಳಿ ಇಳಿಸಿದ್ರಂತೆ. ಆ ಮುದುಕನ ಇಂಜಿನ್ ಕೆಟ್ಟು ಮೀನೆಲ್ಲ ನಾರ್ತಿತ್ತು. ಒಡೆದು ಉಳಿದ ಚೂರು ಸುಮ್ಮನೆ ಕೊಟ್ಟೆ. ನನ್ನನ್ನ ಒಂದು ಮಾತು ಕೇಳಬಾರದಿತ್ತಾ ಅತ್ತಿಗೆ?"

"ತಪ್ಪಾಯ್ತು ಇವರೇ. ನಾಳೇನೇ ಏರಿಸ್ತೀನಿ."

"ಏರಿಸಿ. ನಾನು ನಂಬಬೇಕಲ್ಲ."

ಅವನು ಅವಳಿಗಿಂತ ಕೆಳಗಿಳಿಸಿದ. ಅವಳು ಇನ್ನೂ ಕೆಳಗೆ. ಹೀಗೇ ಹೋದರೆ ಮುಳುಗುತ್ತೇವೆಂದು ಈ ಸಲ ಇಬ್ಬರಿಗೂ ಗೊತ್ತಿತ್ತು, ಆದರೂ ಕೈ ತಡೆಯಲಾಗಲಿಲ್ಲ. ಮೀಸೆಯವನು ಖರ್ಚು ಉಳಿಸಲು ಮೆಕ್ಯಾನಿಕ್‌ನನ್ನು ಬಿಡಿಸಿ ತಾನೇ ಸ್ಪ್ಯಾನರ್ ಹಿಡಿದ. ಒಂದು ಬೆಳಗ್ಗೆ ಹಳೆಯ ವಾಲ್ವ್ ಕಿತ್ತು, ನೀರು ಹೆಪ್ಪುಗಟ್ಟಿಸಲು ಬಳಸುವ ಅಮೋನಿಯ ಅನಿಲ ನುಗ್ಗಿತು. ಐಸಕ್ಕ ಒದ್ದೆ ಬಟ್ಟೆ ಮುಖಕ್ಕೆ ಕಟ್ಟಿಕೊಂಡು ಓಡಿ, ಕೆಲಸದವರ ಜೊತೆ ಅವನನ್ನು ಹೊರಗೆಳೆದಳು. ಜೀವ ಉಳಿಯಿತು. ಶ್ವಾಸಕೋಶ ಉಳಿಯಲಿಲ್ಲ.

ಅವನ ಬಾಗಿಲಿಗೆ ಬೀಗ ಬಿದ್ದ ಮೇಲೆ ಬೋಟುಗಳೆಲ್ಲ ಇವಳ ಮುಂದೆ ಸಾಲುಗಟ್ಟಿದವು. ಅವಳು ದರ ಏರಿಸಿ ಇನ್ನೇನು ಉಸಿರಾಡಬೇಕು, ಅಷ್ಟರಲ್ಲಿ ದೊಡ್ಡ ಕಂಪನಿಯೊಂದರ ಲಾರಿಗಳು ಬಂದವು. ಪುಡಿ ಐಸ್, ನೇರ ಬೋಟಿನ ಬುಡಕ್ಕೆ, ಅರ್ಧ ದರಕ್ಕೆ.

"ಅವರು ನಷ್ಟದಲ್ಲೇ ಮಾರ್ತಾರೆ ದೊಡ್ಡಮ್ಮ," ಹುಡುಗಿ ಫೋನಿನಲ್ಲಿ ಹೇಳಿದಳು. "ನೀನು ಬಾಗಿಲು ಹಾಕೋವರೆಗೆ."

"ಆಮೇಲೆ?"

"ಆಮೇಲೆ ಏರಿಸ್ತಾರೆ."

"ಇದಕ್ಕೆ ಪುಸ್ತಕದಲ್ಲಿ ಏನಿದೆ?"



ಹುಡುಗಿ ಹೇಳಿದ ಹಾಗೇ ಆಯಿತು. ಕಂಪ್ರೆಸರ್ ಗುಜರಿಗೆ ಹೋಯಿತು. ಕಂಪನಿ ದರ ಏರಿಸಿತು, ಬೋಟಿನವರು ತಲೆಮೇಲೆ ಕೈ ಹೊತ್ತರು. ಐಸಕ್ಕ ಅದೇ ಕಂಪನಿಯ ಶೆಡ್ಡಿನಲ್ಲಿ ಮೀನು ಬೇರ್ಪಡಿಸುವ ಕೆಲಸಕ್ಕೆ ಸೇರಿದಳು.

ಒಂದು ರಜೆಯ ದಿನ ಮೀಸೆಯವನನ್ನು ನೋಡಲು ಹೋದಳು. ಅವನ ಹೆಂಡತಿ ಬಾಗಿಲು ತೆರೆದು ಒಳಗೆ ಸರಿದಳು. ಅವನು ಮೂಗಿಗೆ ಕೊಳವೆ ಸಿಕ್ಕಿಸಿಕೊಂಡು ಕಿಟಕಿಯ ಬಳಿ ಕೂತಿದ್ದ. ಪದಕ್ಕೊಂದು ಉಸಿರು ತೆಗೆದುಕೊಳ್ಳುತ್ತ, ಕೇಳಿದ.

"ಅವತ್ತು ನೀವು ಬಂದು ಕೇಳಿದ್ರೆ... ನಾನು ನಿಜ ಹೇಳಿದ್ರೆ... ನಂಬ್ತಿದ್ರಾ ಅತ್ತಿಗೆ?"

ಸುಳ್ಳು ಹೇಳಬಹುದೆಂದು ಅವಳಿಗೆ ಅನ್ನಿಸಿತು. ಹೇಳಲಿಲ್ಲ.

"ಇಲ್ಲ."

ಅವನು ತಲೆಯಾಡಿಸಿದ. "ನಿಮ್ಮ ಜಾಗದಲ್ಲಿ... ನಾನೂ ಅಷ್ಟೇ."

ಹೆಂಡತಿ ಚಹಾ ತಂದಿಟ್ಟಳು. ಐಸಕ್ಕನೇ ಲೋಟ ಹಿಡಿದು ಅವನಿಗೆ ಕುಡಿಸಿದಳು.