ನೆರಳಲ್ಲೇ ಇದ್ದ ಕಸ್ತೂರಿ

ಹೋದ ವರ್ಷದ ಬೇಸಿಗೆಯಲ್ಲಿ, ಯುಗಾದಿ ಮುಗಿದು ಕೆಲವು ದಿನಗಳಾದ ಮೇಲೆ ನಡೆದದ್ದು ಇದು. ಆದರೆ ಹೇಳುವುದಾದರೆ ಅದಕ್ಕೂ ಹಿಂದಿನ ಚಳಿಗಾಲದಿಂದಲೇ ಶುರು ಮಾಡಬೇಕು.

ನಾನು ಹುಬ್ಬಳ್ಳಿಯ ತಾರಿಹಾಳದಲ್ಲಿ ಒಂದು ಸಣ್ಣ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ ಮಾಡುತ್ತೇನೆ. ಹನಿ ನೀರಾವರಿ ಪೈಪುಗಳಿಗೆ ಬೇಕಾಗುವ ಪ್ಲಾಸ್ಟಿಕ್ ಬಿಡಿಭಾಗಗಳು ನಮ್ಮಲ್ಲಿ ತಯಾರಾಗುತ್ತವೆ. ಒಂದೇ ಉದ್ದನೆಯ ಶೆಡ್ಡು. ಒಂದು ಬದಿಗೆ ಪ್ಲಾಸ್ಟಿಕ್ ಕರಗಿಸುವ ಯಂತ್ರಗಳು, ಇನ್ನೊಂದು ಬದಿಗೆ ಹೆಂಗಸರು ಕೂತು ಚೀಲ ತುಂಬುವ ಮೇಜು. ತಲೆಯ ಮೇಲೆ ಬರೀ ತಗಡು. ಮಾರ್ಚ್ ಬಂತೆಂದರೆ ಮಧ್ಯಾಹ್ನದ ಹೊತ್ತಿಗೆ ಮೇಲಿನಿಂದ ತಗಡಿನ ಕಾವು, ಪಕ್ಕದಿಂದ ಯಂತ್ರದ ಕಾವು. ಫ್ಯಾನುಗಳಿದ್ದವು, ಆದರೆ ಬಿಸಿ ಗಾಳಿಯನ್ನೇ ತಿರುಗಿಸಿ ನಮ್ಮ ಮೈಮೇಲೆ ಹಾಕುತ್ತಿದ್ದವು.

ಕಸ್ತೂರಿ ನನ್ನ ಪಕ್ಕದಲ್ಲೇ ಕೂರುತ್ತಿದ್ದಳು. ಬೈರಿದೇವರಕೊಪ್ಪದಲ್ಲಿ ನಮ್ಮ ಹಿಂದಿನ ಓಣಿಯವಳು. ಗಂಡ ತೀರಿಕೊಂಡಾಗ ಮಗಳು ಸವಿತಾ ಇನ್ನೂ ಸಾಲಿಗೆ ಹೋಗುವ ಹುಡುಗಿ. ಹಳ್ಳಿಯಲ್ಲಿ ಭಾವಂದಿರ ಜೊತೆ ಹೊಂದದೆ ಇಲ್ಲಿಗೆ ಬಂದು ಈ ಕೆಲಸ ಹಿಡಿದಿದ್ದಳು. ಸವಿತಾ ಆಗ ಡಿಗ್ರಿ ಮುಗಿಸಿ, ಧಾರವಾಡದ ಸಪ್ತಾಪುರದಲ್ಲಿ ಗೆಳತಿಯರ ಜೊತೆ ಒಂದು ಖೋಲಿ ಹಿಡಿದು, ಸರ್ಕಾರಿ ನೌಕರಿಯ ಪರೀಕ್ಷೆಗೆ ಓದುತ್ತಿದ್ದಳು. ಮಗಳ ಮಾತು ಬಂದರೆ ಕಸ್ತೂರಿಯ ಬಾಯಿ ನಿಲ್ಲುತ್ತಿರಲಿಲ್ಲ. ಊಟದ ಹೊತ್ತಿಗೆ ತಗಡಿನ ಗೋಡೆಗೆ ಕೈ ತಾಗಿಸಿ, ಇಲ್ಲೇ ಹಿಟ್ಟು ಬಡಿದು ಹಚ್ಚಿದರೆ ಬಿಸಿ ರೊಟ್ಟಿ ತಿನ್ನಬಹುದಿತ್ತು, ಸುಮ್ಮನೆ ಮನೆಯಿಂದ ಕಟ್ಟಿಕೊಂಡು ಬಂದೆವಲ್ಲ ಎಂದು ನಗಿಸುತ್ತಿದ್ದಳು. ಎಷ್ಟು ಸೆಕೆಯಿದ್ದರೂ ಗೊಣಗಿದವಳಲ್ಲ. ಒದ್ದೆ ಟವೆಲ್ಲು ಕುತ್ತಿಗೆಗೆ ಸುತ್ತಿಕೊಂಡು ಕೂತುಬಿಡುತ್ತಿದ್ದಳು.

ಆ ಚಳಿಗಾಲದಲ್ಲಿ ಒಬ್ಬ ಮೇಡಂ ನಮ್ಮ ಶೆಡ್ಡಿಗೆ ಬಂದರು. ಮೈಸೂರು ಕಡೆಯವರು, ಇನ್ನೂ ಸಣ್ಣ ವಯಸ್ಸು, ಎಂಜಿನಿಯರ್ ಅಂತೆ. ಹವಾಮಾನ ಬದಲಾಗುತ್ತಿದೆ, ಊರುಗಳು ಅದನ್ನು ತಡೆದುಕೊಳ್ಳುವಂತೆ ಕಟ್ಟಡ, ರಸ್ತೆ, ಗಟಾರಗಳನ್ನೆಲ್ಲ ಸುಧಾರಿಸಲು ಒಂದು ಯೋಜನೆ ತಯಾರಾಗುತ್ತಿದೆ, ಅದಕ್ಕೆ ಕೆಲಸಗಾರರ ಮಾತೂ ಬೇಕು ಎಂದರು. ನಮ್ಮ ಜೊತೆ ಮೇಜಿನ ಹತ್ತಿರ ಕೂತು ಚಹಾ ಕುಡಿದರು. ತಗಡಿಗೆ ಬಿಸಿಲನ್ನು ವಾಪಸು ಕಳಿಸುವ ಬಿಳಿ ಬಣ್ಣ ಹಚ್ಚಿ, ಮೇಲೆ ಗಾಳಿ ಆಡುವ ಕಿಂಡಿ ಇಟ್ಟರೆ ಒಳಗೆ ಎಷ್ಟೋ ತಂಪಾಗುತ್ತದೆ ಎಂದು ವಿವರಿಸಿದರು. ನಾವು ಸೆಕೆಯನ್ನು ಹಣೆಬರಹ ಎಂದುಕೊಂಡಿದ್ದವರು. ಅದಕ್ಕೂ ಮದ್ದು ಇದೆ ಎಂದು ಮೊದಲ ಸಲ ಕೇಳಿದ್ದು ಅವರ ಬಾಯಿಂದ.

ಕೆಲವು ವಾರಗಳಾದ ಮೇಲೆ ಒಂದು ಹೋಟೆಲಿನ ಹಾಲಿನಲ್ಲಿ ಸಭೆ ಕರೆದರು. ಮಾಲೀಕರು ನನ್ನನ್ನೂ ಕಸ್ತೂರಿಯನ್ನೂ ಕಳಿಸಿದರು. ಎಸಿಯ ಚಳಿಗೆ ನಾವಿಬ್ಬರೂ ಸೆರಗು ಹೊದ್ದು ಹಿಂದಿನ ಸಾಲಿನಲ್ಲಿ ಕೂತೆವು. ದೊಡ್ಡ ಪರದೆಯ ಮೇಲೆ ಚಿತ್ರಗಳು ಬಂದವು, ಬೆಂಗಳೂರಿನಿಂದ ಬಂದವರು ಮಾತಾಡಿದರು. ಬೇಸಿಗೆಯಲ್ಲಿ ಜನ ಮಧ್ಯಾಹ್ನ ಹೊರಗೆ ಹೋಗದಂತೆ ಪ್ರಚಾರ ಮಾಡಬೇಕು ಎಂದು ಒಬ್ಬರು ಹೇಳಿದರು. ಕೊನೆಗೆ ಯಾರಿಗಾದರೂ ಏನಾದರೂ ಹೇಳುವುದಿದೆಯೇ ಎಂದು ಕೇಳಿದಾಗ ನಾನು ತಲೆ ತಗ್ಗಿಸಿದೆ. ಕಸ್ತೂರಿ ಎದ್ದು ನಿಂತು ಮೈಕ್ ಇಸಿದುಕೊಂಡಳು.

"ಬಿಸಲಾಗ ಹೊರಗ ಹೋಗಬ್ಯಾಡ್ರಿ ಅಂತೀರಿ. ನಾವು ಹೊರಗ ಹೋಗೂದ ಇಲ್ರಿ. ನಮ್ಮ ಬಿಸಲು ಒಳಗ ಐತ್ರಿ," ಎಂದಳು.

ಎಲ್ಲರೂ ನಕ್ಕರು. ಕೆಟ್ಟ ನಗುವಲ್ಲ, ಮೆಚ್ಚುಗೆಯ ನಗು. ಒಬ್ಬರು ಬರೆದುಕೊಂಡರು. ಸಭೆ ಮುಗಿದು ಊಟಕ್ಕೆ ನಿಂತಾಗ ಮೇಡಂ ಕಸ್ತೂರಿಯ ಕೈ ಹಿಡಿದು, ಬೇಸಿಗೆ ಬರುವುದರೊಳಗೆ ನಿಮ್ಮ ಶೆಡ್ಡಿನ ಕೆಲಸ ನಾನೇ ನಿಂತು ಮಾಡಿಸುತ್ತೇನೆ ಎಂದರು. ಅವರು ಸುಳ್ಳು ಹೇಳಲಿಲ್ಲ. ಮಾಡಿಸಬೇಕೆಂದೇ ಇದ್ದರು. ಅದು ಈಗಲೂ ನನಗೆ ಗೊತ್ತು.

ಬಸ್ಸಿನಲ್ಲಿ ವಾಪಸು ಬರುವಾಗ ಕಸ್ತೂರಿ ಕಿಟಕಿಯ ಪಕ್ಕ ಕೂತು ದಾರಿಯುದ್ದಕ್ಕೂ ಮಾತಾಡಿದಳು. ಸವಿತಾಗೆ ಫೋನು ಮಾಡಿ, ನಾನೂ ಮೈಕ್ ಹಿಡಿದೆ ಎಂದು ಹೇಳಿದಳು.

ಫೆಬ್ರವರಿ ಕಳೆಯಿತು. ಶಿವರಾತ್ರಿ ಆಯಿತು. ಯಾರೂ ಬರಲಿಲ್ಲ. ನಾನು ಮೇಡಂಗೆ ಫೋನು ಮಾಡಿದೆ. ಅವರ ದನಿ ಸಣ್ಣದಾಗಿತ್ತು. ದುಡ್ಡು ಮಂಜೂರಾಗಿದೆ, ಆದರೆ ಮೊದಲು ಬಿಸಿಲಿನ ಜಿಲ್ಲೆಗಳಿಗೆ ಕೊಡಬೇಕೆಂದು ಮೇಲಿನವರು ತೀರ್ಮಾನಿಸಿದ್ದಾರೆ, ಧಾರವಾಡ ಅದರಲ್ಲಿ ಬರುವುದಿಲ್ಲ ಎಂದರು. ಹುಬ್ಬಳ್ಳಿ-ಧಾರವಾಡ ತಂಪಿನ ಊರು ಅಂತಲೇ ಎಲ್ಲರ ತಲೆಯಲ್ಲಿದೆ. ಉಷ್ಣಾಂಶ ಅಳೆಯುವುದು ಬಯಲಿನಲ್ಲಿ, ಗಿಡಮರದ ಪಕ್ಕ. ಅಲ್ಲಿನ ಲೆಕ್ಕ ನಿಯಮದಲ್ಲಿ ಹೇಳಿದಷ್ಟು ಏರುವುದಿಲ್ಲ. ತಗಡಿನ ಕೆಳಗೆ ಎಷ್ಟಿದೆ ಎಂದು ನಿಯಮ ಕೇಳುವುದಿಲ್ಲ. ಇದನ್ನೆಲ್ಲ ಮೇಲಿನವರಿಗೆ ಹೇಳಿ ನೋಡಿದೆ, ಯಾರೂ ಒಪ್ಪಲಿಲ್ಲ, ಮುಂದಿನ ವರ್ಷ ಮತ್ತೆ ಪ್ರಯತ್ನ ಮಾಡುತ್ತೇನೆ ಎಂದರು ಮೇಡಂ.

ಮಾಲೀಕರನ್ನು ಕೇಳಿದೆವು. ಅವರದು ಮೊದಲು ಹತ್ತಿ ವ್ಯಾಪಾರದ ಮನೆತನ. ಕೆಟ್ಟ ಮನುಷ್ಯರಲ್ಲ. ಶೆಡ್ಡು ಬಾಡಿಗೆಯದು, ತಗಡು ಮುಟ್ಟಲು ಜಾಗದವರು ಬಿಡುವುದಿಲ್ಲ, ನಾಳೆ ಅವರು ಬಿಡಿಸಿದರೆ ಹಾಕಿದ್ದೆಲ್ಲ ಹೋಯಿತು ಎಂದರು. ಜಾಗದ ಯಜಮಾನರು ಬೆಳಗಾವಿಯಲ್ಲಿದ್ದರು. ಅವರನ್ನು ನಾವು ನೋಡಿಯೇ ಇಲ್ಲ. ಮಾಲೀಕರು ಇನ್ನೊಂದು ದೊಡ್ಡ ಫ್ಯಾನು ತಂದು ನಮ್ಮ ಮೇಜಿನ ಹತ್ತಿರ ಇಟ್ಟರು. ಕಸ್ತೂರಿ ಅದರ ಮುಂದೆ ನಿಂತು, ಇದು ಒಲೆ ಊದಾಕ ಛಲೋ ಐತಿ ಎಂದು ನಕ್ಕಳು.

ಆ ದಿನ ಬೆಳಿಗ್ಗೆಯಿಂದಲೇ ಗಾಳಿ ಇರಲಿಲ್ಲ. ಊಟವಾಗಿ ಸ್ವಲ್ಪ ಹೊತ್ತಿಗೆ ಕರೆಂಟು ಹೋಯಿತು. ಯಂತ್ರ ನಿಂತವು, ಫ್ಯಾನು ನಿಂತವು. ತುಂಬಿ ಕಳಿಸಬೇಕಾದ ಮಾಲು ಬಿದ್ದಿತ್ತು, ಹಾಗಾಗಿ ನಾವು ಕೈಕೆಲಸ ಮುಂದುವರಿಸಿದೆವು. ಕಸ್ತೂರಿ ಸುಮ್ಮನಿದ್ದಳು. ಅವಳು ಸುಮ್ಮನಿರುವುದೇ ವಿಶೇಷ ಎಂದು ತಿರುಗಿ ನೋಡಿದೆ. ಮುಖ ಕೆಂಪಗಾಗಿತ್ತು, ಒಣಗಿತ್ತು. ನಮ್ಮೆಲ್ಲರ ಮೈಯಿಂದ ನೀರಿಳಿಯುತ್ತಿತ್ತು. ಅವಳ ಹಣೆಯ ಮೇಲೆ ಒಂದು ಹನಿ ಬೆವರಿಲ್ಲ. ತುಂಬಿದ ಚೀಲವನ್ನೇ ಬಿಚ್ಚಿ ಮತ್ತೆ ಮೇಜಿಗೆ ಸುರಿಯುತ್ತಿದ್ದಳು.

ಏನು ಮಾಡುತ್ತಿದ್ದೀ ಎಂದು ಕೇಳಿದೆ. ನನ್ನನ್ನು ನೋಡಿದಳು, ಆದರೆ ಗುರುತು ಹತ್ತಿದ ಹಾಗೆ ಕಾಣಲಿಲ್ಲ.

"ಸವಿತಾ ಸಾಲಿಯಿಂದ ಬಂದಳೇನ್ರಿ? ಬಾಗಲಾ ಹಾಕಿ ಬಂದೇನಿ, ಕೂಸು ಹೊರಗ ನಿಂತಿರತೈತಿ," ಎಂದಳು.

ಎದ್ದು ಹೊರಡಲು ಹೋದವಳು ಅಲ್ಲೇ ಕುಸಿದಳು.

ಎತ್ತಿಕೊಂಡು ಹೊರಗೆ ಬೇವಿನ ಮರದ ಕೆಳಗೆ ತಂದು ಮಲಗಿಸಿದೆವು. ಮೈ ಮುಟ್ಟಿದರೆ ಕೈ ಸುಡುವ ಹಾಗಿತ್ತು. ಕುಡಿಸಲು ಹೋದ ನೀರು ಬಾಯಿಂದ ಹೊರಗೆ ಬಂತು. ಆಂಬುಲೆನ್ಸಿಗೆ ಫೋನು ಮಾಡಿದರೆ, ಹತ್ತಿರದ ಗಾಡಿ ಬೇರೆ ಕಡೆ ಹೋಗಿದೆ, ಇನ್ನೊಂದು ಧಾರವಾಡದ ಕಡೆಯಿಂದ ಬರಬೇಕು ಎಂದರು. ಮಾಲೀಕರ ಕಾರು ಆ ದಿನ ಊರಲ್ಲಿರಲಿಲ್ಲ.

ರಸ್ತೆಯ ಮೂಲೆಯಲ್ಲಿ ಕಬ್ಬಿನ ಹಾಲು ಮಾರುವ ಒಬ್ಬರು ಗಾಡಿ ಹಚ್ಚಿದ್ದರು. ಅವರ ಹೆಸರು ನನಗೆ ಇವತ್ತಿಗೂ ಗೊತ್ತಿಲ್ಲ. ನಮ್ಮ ಗದ್ದಲ ಕೇಳಿ ಓಡಿ ಬಂದರು, ನೋಡಿದರು, ಏನೂ ಕೇಳದೆ ವಾಪಸು ಓಡಿ ಐಸಿನ ಗಡ್ಡೆಯನ್ನು ಗೋಣಿಚೀಲದ ಸಮೇತ ಹೆಗಲ ಮೇಲೆ ಹೊತ್ತು ತಂದರು. ದಾರಿಯಲ್ಲಿ ಹೋಗುತ್ತಿದ್ದ ಲಗೇಜ್ ಆಟೋವನ್ನು ಅಡ್ಡ ನಿಂತು ನಿಲ್ಲಿಸಿದವರೂ ಅವರೇ. ಹಿಂದೆ ಕಸ್ತೂರಿಯನ್ನು ಮಲಗಿಸಿ ನಾನು ಹತ್ತಿದೆ, ಅವರೂ ಹತ್ತಿದರು. ದಾರಿಯುದ್ದಕ್ಕೂ ಐಸು ಒಡೆದು ಅವಳ ಕಂಕುಳಿಗೆ, ಕುತ್ತಿಗೆಗೆ ಇಡಲು ನನ್ನ ಕೈಗೆ ಕೊಡುತ್ತಿದ್ದರು. ತಾವು ಆ ಕಡೆ ಮುಖ ತಿರುಗಿಸಿ ಕೂತಿದ್ದರು. ನಿಮ್ಮ ವ್ಯಾಪಾರ ಹಾಳಾಯಿತಲ್ಲ ಎಂದು ನಾನು ಏನೋ ಅಂದಿರಬೇಕು.

"ಅದರ ಚಿಂತಿ ಬಿಡ್ರಿ ಅಕ್ಕಾರ. ಲಗೂ ಲಗೂ ಇಡ್ರಿ. ಕರಗಾಕತ್ತೈತಿ," ಎಂದರು.

ಹೌದು, ಕರಗುತ್ತಿತ್ತು. ಇಟ್ಟ ತುಂಡು ಅವಳ ಮೈಮೇಲೆ ನಿಲ್ಲುತ್ತಲೇ ಇರಲಿಲ್ಲ. ಸಿಗ್ನಲ್ಲಿನಲ್ಲಿ ಆಟೋ ನಿಂತಾಗ ಡಾಂಬರಿನ ಕಾವು ಕೆಳಗಿನಿಂದ ಬಂದು ಬಡಿಯುತ್ತಿತ್ತು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಚೀಲದಲ್ಲಿ ಬರೀ ನೀರು ಉಳಿದಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರು ತಡ ಮಾಡಲಿಲ್ಲ. ಆದರೆ ವಾರ್ಡು ತುಂಬಿತ್ತು, ಅಲ್ಲೂ ಸೆಕೆ. ಒದ್ದೆ ಬಟ್ಟೆ ಹೊದಿಸಿದರು, ಸಲೈನು ಹಚ್ಚಿದರು, ಐಸು ಎಲ್ಲಿದೆ ಎಂದು ನರ್ಸು ಅತ್ತಿತ್ತ ಓಡಾಡಿದಳು. ಸವಿತಾ ಸಪ್ತಾಪುರದಿಂದ ಬಸ್ಸು ಹಿಡಿದು ಬಂದಳು, ಕಾಲಲ್ಲಿ ಎರಡು ಬೇರೆ ಬೇರೆ ಜೋಡಿಯ ಚಪ್ಪಲಿ. ಅವಳು ಬಂದದ್ದು ಕಸ್ತೂರಿಗೆ ತಿಳಿಯಲಿಲ್ಲ. ಹೊತ್ತು ಮುಳುಗುವ ಮೊದಲೇ ಎಲ್ಲ ಮುಗಿಯಿತು. ಕಬ್ಬಿನ ಹಾಲಿನವರು ಅಲ್ಲಿಯವರೆಗೂ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದರು. ಸುದ್ದಿ ಕೇಳಿ ಎದ್ದು, ಸವಿತಾಳ ತಲೆಯ ಮೇಲೆ ಕೈಯಿಟ್ಟು ಹೋದರು.

ಹೃದಯ ನಿಂತು ಸತ್ತದ್ದು ಎಂದು ಡಾಕ್ಟರು ಹೇಳಿದರು. ಸೆಕೆಗೆ ಹೋದದ್ದಲ್ಲವೇ ಎಂದು ನಾನು ಕೇಳಿದೆ. ಅವರು ದಣಿದಿದ್ದರು, ಆದರೂ ನಿಂತು ಮಾತಾಡಿದರು.

"ಬಿಸಲಾಗ ಕೆಲಸ ಮಾಡತಿದ್ರೇನು?"

"ಇಲ್ರಿ. ಒಳಗ. ನೆಳ್ಳಾಗ ಇದ್ವಿ."

ಅವರು ತಲೆ ಅಲ್ಲಾಡಿಸಿದರು. ಬಿಸಿಲಿನ ಹೊಡೆತ ಎಂದು ಬರೆಯಲು ಆಗುವುದಿಲ್ಲ, ಬರೆದರೆ ನೂರು ಪ್ರಶ್ನೆ ಕೇಳುತ್ತಾರೆ ಎಂದರು. ನಿಜ ಹೇಳಿದ್ದಕ್ಕೆ ಹೀಗಾಯಿತಲ್ಲ ಎಂದು ಆಮೇಲೆ ಎಷ್ಟೋ ಸಲ ಅಂದುಕೊಂಡಿದ್ದೇನೆ.

ದಿನಕರ್ಮ ಮುಗಿದ ಮೇಲೆ ಎಂಜಿನಿಯರ್ ಮೇಡಂ ಸವಿತಾಳ ಮನೆಗೆ ಬಂದರು. ಬಾಗಿಲಲ್ಲೇ ಅಳಲು ಶುರು ಮಾಡಿದರು. ಇದು ಸೆಕೆಯ ಸಾವು ಎಂದು ಲೆಕ್ಕಕ್ಕೆ ಬಂದಿದ್ದರೆ ಈ ಊರಿಗೂ ಯೋಜನೆ ತರಲು ಒಂದು ಆಧಾರ ಆಗುತ್ತಿತ್ತು ಎಂದರು. ಸವಿತಾ ಅವರಿಗೆ ನೀರು ತಂದು ಕೊಟ್ಟಳು. ಮೇಡಂ ಹೇಳಿದ ಮಾತಿನ ಅರ್ಥ ಅವಳಿಗೆ ಆಯಿತೋ ಇಲ್ಲವೋ. ನನಗೆ ಆಯಿತು. ನಮ್ಮ ತಗಡಿಗೆ ಬಣ್ಣ ಬರಬೇಕಾದರೆ ಮೊದಲು ಯಾರಾದರೂ ಸಾಯಬೇಕಿತ್ತು. ಸತ್ತದ್ದೂ ಆಯಿತು. ಅದೂ ಲೆಕ್ಕಕ್ಕೆ ಬರಲಿಲ್ಲ.

ಆಮೇಲೆ ನಾವು ಹೆಂಗಸರೇ ಸೇರಿ ಒಂದು ಕೆಲಸ ಮಾಡಿದೆವು. ಹಟ ಹಿಡಿದು ಮಾಲೀಕರನ್ನು ಒಪ್ಪಿಸಿ, ಸುಣ್ಣ ಕಲಸಿ, ಯಂತ್ರ ನಡೆಸುವ ಗಂಡಸರನ್ನು ಮೇಲೆ ಹತ್ತಿಸಿ, ರವಿವಾರ ತಗಡಿಗೆಲ್ಲ ಬಳಿಸಿದೆವು. ಸೋಮವಾರ ಒಳಗೆ ಹೋದಾಗ ಖರೇನೇ ಸ್ವಲ್ಪ ತಂಪಾಗಿತ್ತು. ಯಾರೂ ಹಿಗ್ಗಲಿಲ್ಲ. ಇಷ್ಟೇ ಕೆಲಸಕ್ಕೆ ಇಷ್ಟು ದಿನ ಕಾದೆವಲ್ಲ ಎಂದು ಒಬ್ಬಾಕೆ ಅತ್ತಳು. ಆ ವಾರವೇ ಬೇಸಿಗೆಯ ದೊಡ್ಡ ಅಡ್ಡಮಳೆ ಬಂತು. ಸುಣ್ಣವೆಲ್ಲ ಕರಗಿ ಗೋಡೆಗುಂಟ ಹಾಲಿನ ಹಾಗೆ ಇಳಿದು ಗಟಾರ ಸೇರಿತು. ಮಾರನೇ ದಿನ ಬಿಸಿಲು ಮೊದಲಿಗಿಂತ ಜೋರಾಗಿತ್ತು. ಮತ್ತೆ ಬಳಿಯೋಣ ಎಂದು ಯಾರೂ ಅನ್ನಲಿಲ್ಲ. ನಾನೂ ಅನ್ನಲಿಲ್ಲ.

ಮೇಡಂಗೆ ಬೇರೆ ಊರಿಗೆ ವರ್ಗವಾಗಿದೆ. ಈ ಚಳಿಗಾಲದಲ್ಲಿ ಹೊಸಬರು ಯಾರೋ ಬಂದು ಮತ್ತೆ ಅದೇ ಪ್ರಶ್ನೆಗಳನ್ನು ಕೇಳಿಕೊಂಡು ಹೋದರು. ನಾವು ಚಹಾ ಕೊಟ್ಟೆವು, ಉತ್ತರ ಕೊಟ್ಟೆವು.

ಮಾಲೀಕರು ಕನಿಕರಪಟ್ಟು ಕಸ್ತೂರಿಯ ಜಾಗವನ್ನು ಸವಿತಾಳಿಗೆ ಕೊಟ್ಟಿದ್ದಾರೆ. ಖೋಲಿಯ ಬಾಡಿಗೆ ಕಟ್ಟುವವರಿಲ್ಲ, ಆ ಹುಡುಗಿ ಸಪ್ತಾಪುರ ಬಿಟ್ಟು ಬಂದಳು. ಪುಸ್ತಕಗಳನ್ನು ಗೆಳತಿಯರಿಗೆ ಕೊಟ್ಟು ಬಂದೆ ಎಂದಳು. ಈಗ ನನ್ನ ಪಕ್ಕದಲ್ಲೇ ಕೂತು ಚೀಲ ತುಂಬುತ್ತಾಳೆ. ಕೆಲಸದಲ್ಲಿ ಚುರುಕು, ಮಾತು ಕಡಿಮೆ.

ಮತ್ತೆ ಬೇಸಿಗೆ ಬಂದಿದೆ. ಮಧ್ಯಾಹ್ನ ತಗಡು ಕಾದು ಟಕ್ ಟಕ್ ಅನ್ನಲು ಶುರುವಾದ ಮೇಲೆ ನನಗೆ ಕೆಲಸದ ಮೇಲೆ ಗಮನ ನಿಲ್ಲುವುದಿಲ್ಲ. ಗಳಿಗೆಗೊಮ್ಮೆ ಅವಳ ಹಣೆ ನೋಡುತ್ತೇನೆ, ಬೆವರು ಇದೆಯೇ ಎಂದು. ಇದ್ದರೆ ಸಮಾಧಾನ. ಸುಮ್ಮಸುಮ್ಮನೆ ಏನಾದರೂ ಕೇಳುತ್ತೇನೆ. ಇವತ್ತು ಯಾವ ವಾರ, ಬೆಳಿಗ್ಗೆ ಏನು ನಾಷ್ಟಾ ಮಾಡಿದೆ, ನಾನು ಯಾರು. ಮೊದಮೊದಲು ಅವಳಿಗೆ ಯಾಕೆಂದು ತಿಳಿಯಲಿಲ್ಲ. ತಿಳಿದ ಮೇಲೆ ಬೇಸರ ಮಾಡಿಕೊಳ್ಳದೆ ಎಲ್ಲಕ್ಕೂ ಉತ್ತರ ಕೊಡುತ್ತಾಳೆ. ಆದರೂ ಕೆಲವೊಮ್ಮೆ ಯಂತ್ರದ ಸದ್ದಿಗೆ ಕೇಳಿಸದೆಯೋ, ಏನೋ ಯೋಚಿಸುತ್ತಲೋ, ಅವಳು ಉತ್ತರ ಕೊಡುವುದು ತಡವಾಗುತ್ತದೆ. ಅಷ್ಟು ಹೊತ್ತು ನಾನು ಚೀಲ ಕೈಯಲ್ಲಿ ಹಿಡಿದು ಅವಳ ಬಾಯನ್ನೇ ನೋಡುತ್ತಾ ಕೂತಿರುತ್ತೇನೆ.