ಮೇಸ್ತ್ರಿ ಮಾಡಿಸಿದ ಒಣ ಸ್ನಾನ

ನಮ್ಮ ಬಚ್ಚಲಿಗೆ ಟೈಲ್ಸ್ ಹಾಕಿದವನಿಗೆ 'ಇಳಿಜಾರು ಮೇಸ್ತ್ರಿ' ಅಂತಲೇ ಹೆಸರು. ಯಾರ ಮನೆಗೆ ಹೋಗಲಿ, ಮೊದಲು ಒಂದು ಚೊಂಬು ನೀರು ನೆಲಕ್ಕೆ ಸುರಿದು, ಅದು ಎತ್ತ ಹರಿಯುತ್ತೆ ಅಂತ ಕುಕ್ಕರಗಾಲಲ್ಲಿ ಕೂತು ನೋಡುವವನು. ಮಾತೆಲ್ಲ ಆಮೇಲೆ.

ಆ ವರ್ಷ ನಾನು ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದೆ. ಅಂದಿನಿಂದ ಸ್ನಾನ ಮಾಡಿಸುತ್ತಿದ್ದವಳು ಸೊಸೆ. ಒಂದು ದಿನವೂ ಮುಖ ಸಿಂಡರಿಸಿದವಳಲ್ಲ. ಆದರೂ ಕಟ್ಟಿಕೊಂಡ ಗಂಡನ ಮುಂದೆಯೇ ಸೆರಗು ಸರಿ ಮಾಡಿಕೊಳ್ಳುತ್ತಿದ್ದ ನನಗೆ, ಬೆಳಗಾದರೆ ಜೀವ ಹಿಡಿಯಷ್ಟಾಗುತ್ತಿತ್ತು. ಬಾಗಿಲು ಮುಚ್ಚಿ ನನ್ನ ಪಾಡಿಗೆ ನಾಲ್ಕು ಚೊಂಬು ಹುಯ್ದುಕೊಂಡರೆ ಸಾಕಿತ್ತು.

"ಬಚ್ಚಲನ್ನೇ ಹೊಸದು ಮಾಡಿಸೋಣ ಅತ್ತೆ," ಅಂದಳು ಅವಳು. ಮೊಬೈಲಲ್ಲಿ ಚಿತ್ರ ಹುಡುಕಿದಳು. ಎಲ್ಲ ಕಡೆ ಕಪ್ಪು ಟೈಲ್ಸು, ಮುಖ ಕಾಣುವಷ್ಟು ಹೊಳಪು. ಮೇಸ್ತ್ರಿ ಅಂಥದ್ದೇ ಒಂದನ್ನು ತಂದು ನೀರು ಚಿಮುಕಿಸಿದ. "ನಿಲ್ಲಿ ಅಕ್ಕಾ ಇದರ ಮೇಲೆ." ನಿಂತವಳು ಜಾರಿ ಬಾಗಿಲು ಹಿಡಿದುಕೊಂಡಳು.

"ಅಂದ ಗೋಡೆಗಿರಲಿ. ನೆಲಕ್ಕೆ ಕಾಲು ಜಾರದ ಹಾಗೆ ತರಿ ಬೇಕು," ಅಂದ. ಗೋಡೆಗೆ ಕಪ್ಪು, ನೆಲಕ್ಕೆ ತರಿತರಿ ಬೂದಿ ಬಣ್ಣದ್ದು ಅಂತಾಯಿತು.

ಗೋಡೆಗೆ ಟೈಲ್ಸ್ ಹತ್ತಿಸುವ ಮುಂಚೆ ನನ್ನನ್ನು ಕರೆದ. ಸೀರೆ ಉಟ್ಟಂತೆಯೇ ಸ್ಟೂಲ್ ಮೇಲೆ ಕೂರಿಸಿ ಖಾಲಿ ಚೊಂಬು ಕೊಟ್ಟ. "ದಿನಾ ಹೇಗೆ ಸ್ನಾನ ಮಾಡ್ತೀರೋ ಹಾಗೇ ಮಾಡಿ ಅಮ್ಮಾ." ನನ್ನ ಕೈ ಹೋದಲ್ಲೆಲ್ಲ ಸೀಮೆಸುಣ್ಣದ ಗುರುತು ಹಾಕಿದ. ಸೋಪಿಗೆ ಒಂದು, ನಲ್ಲಿಗೆ ಒಂದು.

"ಬೆನ್ನು ಉಜ್ಜೋದು ಮರೆತ್ರಿ ಅತ್ತೆ," ಅಂತ ಸೊಸೆ ಬಾಗಿಲಲ್ಲೇ ನಗುತ್ತಿದ್ದಳು.

"ಈಗ ಎದ್ದೇಳಿ. ಕೈ ಎಲ್ಲಿಗೆ ಹೋಗುತ್ತೆ ನೋಡೋಣ."

ನಾನು ಎಡವಿದ್ದು ಇಲ್ಲೇ. ಇಬ್ಬರು ನೋಡುತ್ತಿರುವಾಗ ಮುದುಕಿಯ ಹಾಗೆ ಮುಲುಗುವುದೇ? ಸೊಂಟ ಚುಳುಕ್ ಅಂದರೂ ಹಲ್ಲು ಕಚ್ಚಿ ನೆಟ್ಟಗೆ ಎದ್ದು, ಕೈ ಮೇಲಕ್ಕೆ ಚಾಚಿದೆ. ಹಿಡಿದು ಏಳುವ ಸ್ಟೀಲ್ ಕಂಬಿ ಅಲ್ಲಿಗೇ ಕೂತಿತು.

ಕೆಲಸ ಮುಗಿದ ಮೇಲೆ ಮೊದಲ ಸ್ನಾನ. ಬಾಗಿಲು ಮುಂದೆ ಮಾಡಿಕೊಂಡೆ. ನೀರು ಹುಯ್ದುಕೊಂಡಿದ್ದೇನೋ ಆಯಿತು, ಏಳಲು ಹೋದರೆ ಕಂಬಿ ಕೈಗೆ ಎಟುಕಲಿಲ್ಲ. ಒದ್ದೆ ಮೈಯಲ್ಲೇ ತುಂಬಾ ಹೊತ್ತು ಕೂತಿದ್ದು, ಕೊನೆಗೆ ಸೊಸೆಯನ್ನೇ ಕೂಗಿದೆ.

ಮೇಸ್ತ್ರಿ ಮಾರನೇ ದಿನ ಬಂದ. "ಅಳತೆ ನಿಮ್ಮದೇ ಅಲ್ವಾ ಅಮ್ಮಾ?"

"ನಿನ್ನ ಮುಂದೆ ಜಂಬ ತೋರಿಸಿಬಿಟ್ಟೆ ಕಣಪ್ಪಾ."

ಅವನು ನಗಲಿಲ್ಲ. ಸೊಸೆಗೆ ಟೀ ಮಾಡಲು ಹೇಳಿ ಕಳಿಸಿದ. ಸೀಮೆಸುಣ್ಣ ನನ್ನ ಕೈಗೆ ಕೊಟ್ಟು, ಬೆನ್ನು ತಿರುಗಿಸಿ ಕೂತ. "ನಾನು ನೋಡಲ್ಲ. ನಿಮಗೆ ಹೇಗಾಗುತ್ತೋ ಹಾಗೆ ಏಳಿ. ಗುರುತು ನೀವೇ ಹಾಕಿ."

ಮುಲುಗಿಕೊಂಡೇ ಎದ್ದೆ. ಕಪ್ಪು ಗೋಡೆಯ ಮೇಲೆ ಬಿಳಿ ಗೆರೆ ಕಂಬಿಗಿಂತ ಒಂದೂವರೆ ಗೇಣು ಕೆಳಗಿತ್ತು. ಅವನೂ ಎದ್ದ, ನೆಲದಲ್ಲಿ ಕೂತೇ ವಯಸ್ಸಾದವನು, ಮಂಡಿ ಕಟಕಟ ಅಂದಿತು. "ಕೇಳಿಸ್ತಾ? ಇದು ಯಾರಿಗೂ ಕೇಳಿಸದ ಹಾಗೆ ಏಳೋದು ನನ್ನ ಜಂಬ," ಅಂದ.

ಕಂಬಿಯನ್ನು ಆ ಗೆರೆಗೆ ಇಳಿಸಿ, ಹಳೇ ಜಾಗದಲ್ಲಿ ತೂತಾದ ಟೈಲಿಗೆ ಜೋಡಿ ಸಿಗದೆ ನೆಲದ ಬೂದಿ ಬಣ್ಣದ್ದನ್ನೇ ಹಾಕಿದ. ಬಂದವರಿಗೆ ಸೊಸೆ, "ಈಗ ಇದೇ ಫ್ಯಾಶನ್," ಅನ್ನುತ್ತಿದ್ದಳು.

ಕಂಬಿ ಇಳಿಸಿದ ಮರುದಿನ ಸ್ನಾನ ಮುಗಿಸಿ, ಕಂಬಿ ಹಿಡಿದು ಎದ್ದು ನಿಂತೆ. ಹೊರಗಿಂದ ಸೊಸೆಯ ದನಿ. "ಅತ್ತೆ, ಬರಲಾ?"

"ಇನ್ನೂ ಎರಡು ಚೊಂಬು ಹುಯ್ಕೋತೀನಿ. ನಿನ್ನ ಕೆಲಸ ನೋಡ್ಕೋ ಹೋಗು," ಅಂದೆ.