ತಲೆ ತೆಗೆದ ಹಾವು

ಪಕ್ಷಿ ಆಸ್ಪತ್ರೆಯಲ್ಲಿ ಅವನನ್ನು ಎಲ್ಲರೂ ಕರೆಯೋದು ಹದ್ದಣ್ಣ ಅಂತಲೇ. ಊಟಕ್ಕೆ ತಡವಾದರೆ ಹೆಂಡತಿ, "ನಿಮ್ಮ ಮಗಳು ಉಣ್ಣಿಸಿ ಕಳಿಸಿರಬೇಕು" ಅಂತ ಹಂಗಿಸುತ್ತಿದ್ದಳು. ಮಗಳು ಅಂದರೆ ಮೂರನೇ ಪಂಜರದ ಹದ್ದು, ಹಾವು ತಿಂದೇ ಬದುಕುವ ಜಾತಿ. ಮರ ಕಡಿಯುವವರು ತಂದುಕೊಟ್ಟಾಗ ಅಂಗೈಯಗಲದ ಮರಿ.

ಗಾಡಿಗೆ ಸಿಕ್ಕಿ ಸತ್ತ ಹಾವುಗಳನ್ನು ರಸ್ತೆಯಿಂದ ಆಯ್ದು ತರುವುದು ಹದ್ದಣ್ಣನ ಬೆಳಗಿನ ಕೆಲಸ. ತಂದವನೇ ಪಂಜರದ ಪಕ್ಕದ ಕಲ್ಲಿನ ಮೇಲಿಟ್ಟು ತಲೆ ಕತ್ತರಿಸಿ ಬಿಸಾಕುತ್ತಿದ್ದ. ಹಲ್ಲಲ್ಲಿ ವಿಷ ಉಳಿದು ಕೂಸಿಗೆ ಚುಚ್ಚೀತು ಅನ್ನೋ ಭಯ. ಎರಡು ವರ್ಷದಲ್ಲಿ ಒಂದು ದಿನವೂ ಮರೆಯಲಿಲ್ಲ.

ರೆಕ್ಕೆ ಬಲಿತವು. ಅಲ್ಲಿನ ನಿಯಮದಂತೆ ಮೂರು ಸಲ ಜೀವಂತ ಹಾವು ಬಿಟ್ಟು ನೋಡುತ್ತಾರೆ. ಒಂದನ್ನಾದರೂ ಕೊಂದರೆ ಆಕಾಶ, ಇಲ್ಲದಿದ್ದರೆ ಬಾಳೆಲ್ಲ ಪಂಜರ. ಎರಡು ಸಲ ಹದ್ದು ಕೊಂಬೆ ಬಿಟ್ಟು ಕದಲಲೇ ಇಲ್ಲ.

ಮೂರನೇ ಸಲ, ಹೊಸದಾಗಿ ಬಂದ ಡಾಕ್ಟರಮ್ಮ ಚೀಲ ಬಿಚ್ಚಿ ವಿಷವಿಲ್ಲದ ಹಾವೊಂದನ್ನು ಒಳಗೆ ಬಿಟ್ಟರು. ಅವರೂ ಹದ್ದಣ್ಣನೂ ಪಂಜರದ ಹಲಗೆ ಗೋಡೆಯ ಕಿಂಡಿಗೆ ಕಣ್ಣಿಟ್ಟರು.

"ಇಳಿಯಮ್ಮ, ಇಳಿ ನನ್ನ ತಾಯಿ."

"ಸುಮ್ಮನಿರಿ ಹದ್ದಣ್ಣ. ಒಳ್ಳೆ ಹೆರಿಗೆ ಕೋಣೆ ಮುಂದೆ ನಿಂತ ಗಂಡನ ಥರ ಆಡ್ತೀರಲ್ಲ!"

ಹದ್ದು ಇಳಿಯಿತು! ಹಾವಿನ ನಡುವನ್ನೇ ಗಬಕ್ಕನೆ ಹಿಡಿಯಿತು. ಹದ್ದಣ್ಣ ಕಿಂಡಿಗೆ ಇನ್ನಷ್ಟು ಒತ್ತಿ ನಿಂತ. ಆದರೆ ಕೊಕ್ಕು ತಲೆಯ ಕಡೆ ಹೋಗಲಿಲ್ಲ. ಹಾವು ಹೊರಳಿ ಹೊರಳಿ ಎದೆಗೆ ಕಚ್ಚುತ್ತಿದ್ದರೂ ಹದ್ದು ಅದರ ಮೈಯುದ್ದಕ್ಕೂ ಕೊಕ್ಕಾಡಿಸಿತು.

"ಏನು ಹುಡುಕ್ತಿದೆ ಅದು?"

ಹದ್ದಣ್ಣನಿಗೆ ಗೊತ್ತಾಯಿತು.

"ಕತ್ತರಿಸಿದ ಜಾಗ, ಮೇಡಂ. ಅಲ್ಲಿಂದಲೇ ತಿಂದು ರೂಢಿ. ಹಾವಿಗೆ ತಲೆ ಅಂತ ಒಂದಿರುತ್ತೆ ಅನ್ನೋದನ್ನೇ ನಾನು ತೋರಿಸಿಲ್ಲ."

ಅಷ್ಟರಲ್ಲಿ ಹಾವು ಕೊಸರಿಕೊಂಡು ಮೂಲೆ ಸೇರಿತು.

ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿ ಇತ್ತು.

"ಇನ್ನೊಂದೇ ಒಂದು ಸಲ..." ಅಂದ.

"ವಿಷದ ಹಾವಾಗಿದ್ರೆ ಇವತ್ತೇ ಸತ್ತಿರೋದು, ಹದ್ದಣ್ಣ. ಹೇಗೆ ಬಿಡಲಿ ಹೇಳಿ?"

ಮರುದಿನದಿಂದ ಪಂಜರದ ಬೀಗಕ್ಕೆ ಕೆಂಪು ಬಿಲ್ಲೆ ಬಿತ್ತು. ಬಿಡುವುದಿಲ್ಲ ಅನ್ನೋದಕ್ಕೆ ಅಲ್ಲಿ ಅದೇ ಗುರುತು.

ಹದ್ದಣ್ಣ ಹಟ ಬಿಡಲಿಲ್ಲ. ಸತ್ತ ಹಾವನ್ನು ತಲೆ ಸಮೇತ ಹಾಕಿದ. ಹದ್ದು ಮಗುಚಿ ಮಗುಚಿ ನೋಡಿ ಹಾಗೇ ಬಿಟ್ಟಿತು. ಎರಡನೇ ದಿನವೂ ಉಪವಾಸ. ಮೂರನೇ ದಿನ ಅವನು ಕಲ್ಲಿನ ಮುಂದೆ ಕೂತು ಚಾಕು ತೆಗೆದ.

ಚಾಕು ಕಲ್ಲಿಗೆ ತಾಗಿದ ಸದ್ದು ಕೇಳಿದ್ದೇ ತಡ, ಹದ್ದು ಕೊಂಬೆಯಿಂದಿಳಿದು ಬಾಗಿಲ ಹತ್ತಿರ ಬಂದು ಕಾದು ಕೂತಿತು.